ಐಲ್ಸಮ್ಮನ ಹತ್ತೊಂಬತ್ತು ಮನೆಗಳ ವಾದ್ಯವೃಂದ

ಕಳೆದ ವಾರ ಸೈಕಲ್ ಹತ್ತಿ ಡಚ್ ನಾಡಿನ ಹಾರ್ಲೆಮ್‌ನಿಂದ ದಕ್ಷಿಣಕ್ಕೆ ಹೊರಟಿದ್ದೆ. ಎದುರುಗಾಳಿ. ತುಳಿದು ತುಳಿದು ಸಾಕಾಗಿ, ಟ್ಯುಲಿಪ್ ಗಡ್ಡೆಗಳನ್ನು ಒಣಗಿಸಿಡುವ ಒಂದು ಶೆಡ್ಡಿನ ಮರೆಯಲ್ಲಿ ನಿಂತೆ. ಅದರ ದೊಡ್ಡ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮಣ್ಣಿನದೂ ಒಣ ಸಿಪ್ಪೆಯದೂ ಬೆರೆತ ವಾಸನೆ ಬಂತು. ನಮ್ಮ ಕಡೆ ಈರುಳ್ಳಿ ಮಂಡಿಯೊಳಗೆ ಕಾಲಿಟ್ಟರೆ ಬರುತ್ತದಲ್ಲ, ಥೇಟ್ ಹಾಗೆ. ಮೂಗಿಗೆ ಅದು ತಾಗಿದ್ದೇ ತಡ, ಸೈಕಲ್ ಗೋಡೆಗೊರಗಿಸಿ ಬಾಗಿಲಿಗೆ ಕಿವಿಗೊಟ್ಟೆ. ಒಳಗೆ ಯಾರೋ ನಿಂತು ಹಾರ್ನ್ ವಾದ್ಯ ಊದಲು ಉಸಿರೆಳೆದುಕೊಳ್ಳುತ್ತಿದ್ದಾರೆ ಅನ್ನಿಸಿತು. ಗಾಳಿ ತಗ್ಗಿದ ಮೇಲೂ ನಾನು ಅಲ್ಲಿಂದ ಹೊರಡಲಿಲ್ಲ.

೨೦೨೦ರ ಮಾರ್ಚ್‌ನಿಂದ ಜುಲೈವರೆಗಿನ ಆ ಕಾಲದಲ್ಲಿ ಬದುಕಿದಷ್ಟು ಜೋರಾಗಿ ನಾನು ಬೇರೆ ಯಾವ ಕಾಲದಲ್ಲೂ ಬದುಕಿಲ್ಲ. ಹೀಗೆ ಹೇಳಲು ಸಂಕೋಚವಾಗುತ್ತದೆ. ಲೋಕವೆಲ್ಲ ಹೆದರಿ ಬಾಗಿಲು ಹಾಕಿಕೊಂಡಿದ್ದ ದಿನಗಳವು. ಎಷ್ಟೋ ಮನೆಗಳು ತಮ್ಮವರನ್ನು ಕಳೆದುಕೊಂಡವು. ಆದರೆ ನನ್ನ ಪಾಲಿಗೆ ನಡೆದದ್ದು ನಡೆಯಿತು, ಅದನ್ನು ಬದಲಾಯಿಸಿ ಹೇಳಲಾರೆ.

ಆಗ ನಾನು ಹಾರ್ಲೆಮ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಸಾಲುಮನೆಗಳಲ್ಲೊಂದರಲ್ಲಿ ಬಾಡಿಗೆಗಿದ್ದೆ. ಕೆಲಸ ಯುಟ್ರೆಕ್ಟ್‌ನಲ್ಲಿ. ರೈಲುಗಳ ವೇಳಾಪಟ್ಟಿ ಸಿದ್ಧಪಡಿಸುವ ಸಾಫ್ಟ್‌ವೇರ್ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು. ಯಾವ ರೈಲು ಎಷ್ಟು ಸೆಕೆಂಡ್ ತಡವಾದರೆ ಯಾವ ರೈಲಿಗೆ ತೊಂದರೆ ಅನ್ನುವುದರಲ್ಲೇ ಆರು ವರ್ಷ ಕಳೆದಿದ್ದೆ. ಅಪ್ಪನ ವರ್ಷಾಬ್ದಿಕ ಮುಗಿಸಿಕೊಂಡು ಅಮ್ಮ ಜನವರಿಯಲ್ಲಿ ಮೈಸೂರಿನಿಂದ ಬಂದಿದ್ದಳು, ಮೂರು ತಿಂಗಳ ಮಟ್ಟಿಗೆ. ಮಾರ್ಚ್ ನಡುವಿನಲ್ಲಿ ಆಫೀಸು ಮುಚ್ಚಿತು. ವಿಮಾನಗಳು ನಿಂತವು. ನನ್ನ ಊಟದ ಮೇಜು ಆಫೀಸಾಯಿತು, ಅಮ್ಮನ ಟಿಕೆಟ್ಟು ಬರೀ ಕಾಗದವಾಯಿತು.

ಅಮ್ಮ, ಹೆಸರು ವಿಶಾಲಾಕ್ಷಿ, ಮೂವತ್ತಾರು ವರ್ಷ ರೇಡಿಯೊ ನಿಲಯದಲ್ಲಿ ಪಿಟೀಲು ನುಡಿಸಿ ನಿವೃತ್ತಿಯಾದವಳು. ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕೂತು, ಅವರು ಹಾಡಿದ್ದನ್ನು ಅನುಸರಿಸಿ, ಅವರು ತಪ್ಪಿದರೆ ಯಾರಿಗೂ ತಿಳಿಯದ ಹಾಗೆ ಸರಿಮಾಡಿ ಬಂದವಳು. ಪಿಟೀಲನ್ನು ಮಾತ್ರ ತಂದಿರಲಿಲ್ಲ. "ಮೂರ್ ತಿಂಗ್ಳಿಗೆ ಯಾಕೆ ಹೊರೋದು ಅಂತ ಬಿಟ್ಬಂದೆ ನೋಡು" ಎಂದು ಏಪ್ರಿಲ್ ಪೂರ್ತಿ ಕೈ ಕೈ ಹಿಸುಕಿಕೊಂಡಳು.

ಪಕ್ಕದ ಮನೆಯಿಂದ ಪಿಯಾನೊ ಕೇಳಲು ಶುರುವಾದದ್ದು ಆ ದಿನಗಳಲ್ಲೇ. ಮೊದಲೂ ಅದು ಇದ್ದಿರಬೇಕು. ಹಗಲು ನಾನೆಲ್ಲಿ ಮನೆಯಲ್ಲಿರುತ್ತಿದ್ದೆ? ಅಲ್ಲಿ ಒಬ್ಬ ಬೆಳ್ಳಿಗೂದಲ ಹೆಂಗಸು ಇದ್ದಾರೆ, ಕಸದ ಡಬ್ಬಿಯನ್ನು ನನಗಿಂತ ಮುಂಚೆ ಬೀದಿಗಿಡುತ್ತಾರೆ ಎನ್ನುವಷ್ಟೇ ಗೊತ್ತಿದ್ದದ್ದು. ಗೋಡೆ ತೆಳು. ಮೂರು ದಿನ ಒಂದೇ ಸಮನೆ ನಾಲ್ಕೇ ಸ್ವರ. ಮೇಲೆ ಏರುವುದು, ನಿಲ್ಲುವುದು. ಮತ್ತೆ ಏರುವುದು, ನಿಲ್ಲುವುದು. ನನ್ನ ಮೀಟಿಂಗಿನಲ್ಲಿ ಒಬ್ಬರು, "ರಮ್ಯಾ, ನಿಮ್ಮ ಮನೆಯ ಡೋರ್‌ಬೆಲ್ ಕೆಟ್ಟಿದೆಯಾ?" ಎಂದೂ ಕೇಳಿದರು.

ಮೂರನೆಯ ದಿನ ಮಧ್ಯಾಹ್ನ ಅಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಪಕ್ಕದ ಮನೆಯ ಕಿಟಕಿ ತೆರೆದಿತ್ತು.

"ಸ ರಿ ಗ ಪ ಅಂತ ಹೋಗಿ ಅಲ್ಲೇ ನಿಂತ್ಬಿಡ್ತಾರಲ್ಲೇ! ಇದು ಮೋಹನ ಕಣೇ" ಅಂದಳು ನನ್ನತ್ತ ತಿರುಗಿ. "ಪಾಪ, ಇಳಿಯೋಕೆ ದಾರಿ ಸಿಗ್ತಿಲ್ಲ."

ಪಿಯಾನೊ ಮತ್ತೆ ನಾಲ್ಕು ಸ್ವರ ಏರಿ ನಿಂತಿತು. ಅಮ್ಮ ಕೈಯಲ್ಲಿ ಒದ್ದೆ ಟವಲ್ ಹಿಡಿದುಕೊಂಡೇ, ಗಂಟಲು ಬಿಟ್ಟು, ಪಂಚಮದಿಂದ ಧೈವತವನ್ನೊಮ್ಮೆ ಮುಟ್ಟಿ ಗಾಂಧಾರಕ್ಕೆ ಜಾರಿ ಷಡ್ಜಕ್ಕೆ ಇಳಿದುಬಿಟ್ಟಳು. ಪಿಯಾನೊ ಸುಮ್ಮನಾಯಿತು. ನಾನು ನಾಚಿಕೆಯಿಂದ ಒಳಗೆ ಓಡುವುದರಲ್ಲಿದ್ದೆ. ಬೇಲಿಯ ಆಚೆ ಬಾಗಿಲು ದಡಾರನೆ ತೆರೆಯಿತು.

"ಯಾರು ಹಾಡಿದ್ದು?" ಬೆಳ್ಳಿಗೂದಲ ಹೆಂಗಸು, ಮೊಣಕೈವರೆಗೆ ಮಡಿಸಿದ ಗಂಡಸಿನ ಅಂಗಿ, ಕಿವಿಯ ಹಿಂದೆ ಪೆನ್ಸಿಲ್. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯಾಡಿಸಿದರು. "ನನ್ನ ಚಿತ್ರಕ್ಕೆ ಆ ಇಳಿತ ಆಗಲ್ಲ, ಪೂರಾ ತಪ್ಪು. ಆದ್ರೆ ಅಲ್ಲಿಂದ ಇಲ್ಲಿಗೆ ಹೇಗೆ ಬಂದ್ರು? ನಡುವೆ ಜಾರಿದ್ರಲ್ಲ, ಅದು! ಅದನ್ನ ಇನ್ನೊಂದು ಸಲ ಹಾಡೋಕೆ ಹೇಳಿ."

ಹೀಗೆ ನಮಗೆ ಐಲ್ಸಾ ಪರಿಚಯವಾದರು. ಚಲನಚಿತ್ರಗಳಿಗೆ ಹಿನ್ನೆಲೆ ಸಂಗೀತ ಬರೆಯುವವರು. ಅರವತ್ತೊಂಬತ್ತು ವರ್ಷ, ಮೂವತ್ತೊಂದು ಚಿತ್ರ. ಅವರ ಇಂಗ್ಲಿಷ್ ಸ್ಕಾಟ್ಲೆಂಡಿನದು. ಅರ್ಧ ನನಗೂ ತಿಳಿಯುತ್ತಿರಲಿಲ್ಲ. ಅಮ್ಮನಿಗೆ ಹೇಗೋ ತಿಳಿಯುತ್ತಿತ್ತು. ನಾನು ಇಲ್ಲಿಯ ಅಭ್ಯಾಸದಂತೆ ಐಲ್ಸಾ ಎಂದು ಕರೆದರೆ ಅಮ್ಮ ಗದರುವಳು: "ನನಗಿಂತ ದೊಡ್ಡೋರನ್ನ ಹೆಸ್ರು ಹಿಡಿದು ಕರೀತೀಯಲ್ಲೇ." ಎರಡೇ ದಿನಕ್ಕೆ ಅವರು ಅಮ್ಮನ ಬಾಯಲ್ಲಿ ಐಲ್ಸಮ್ಮ ಆದರು.

ಬೇಲಿಯ ಈಚೆ ನಾವು, ಆಚೆ ಅವರು, ನಡುವೆ ಸರ್ಕಾರ ಹೇಳಿದ ಒಂದೂವರೆ ಮೀಟರ್. ಆ ವರ್ಷದ ವಸಂತದಲ್ಲಿ ಮಳೆಯೇ ಬರಲಿಲ್ಲ. ದಿನಾ ಬಿಸಿಲು, ಆಕಾಶದಲ್ಲಿ ಒಂದೂ ವಿಮಾನದ ಗೆರೆಯಿಲ್ಲ. ದಿನಾ ನಾಲ್ಕು ಗಂಟೆಗೆ ಚಹಾ ಹಿಡಿದು ಹಿತ್ತಲಿಗೆ ಬರುವುದು ರೂಢಿಯಾಯಿತು. ಅಮ್ಮ ಬೇಲಿಯ ಕಂಬದ ಮೇಲೆ ಕೋಡುಬಳೆಯ ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಅವರು ಮುಂದೆ ಬಂದು ತೆಗೆದುಕೊಳ್ಳುತ್ತಿದ್ದರು. ಆ ಕೋಡುಬಳೆ ಕಡಿಯುತ್ತಲೇ ಐಲ್ಸಾ ತಮ್ಮ ಕತೆಯನ್ನು ಹೇಳಿದರು.

ಹುಟ್ಟಿದ್ದು ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಮೀನುಗಾರರ ಊರಲ್ಲಿ. ತಾಯಿ ಊರಿನ ಏಕೈಕ ಚಿತ್ರಮಂದಿರದಲ್ಲಿ ಗುಡಿಸುವವರು. ಆಕೆಯ ಪಾಳಿ ಶುರುವಾಗುವ ಹೊತ್ತಿಗೆ ಸಿನಿಮಾ ಅರ್ಧ ಮುಗಿದಿರುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತ ಮಗಳು ನೋಡಿದ್ದೆಲ್ಲ ಉಳಿದರ್ಧ. "ಮೊದಲರ್ಧದಲ್ಲಿ ಏನಾಗಿರಬೇಕು ಅಂತ ಸಂಗೀತ ಕೇಳಿಯೇ ಕಂಡುಹಿಡೀತಿದ್ದೆ. ಪಿಟೀಲು ಹೀಗೆ ಅಳ್ತಿದೆ ಅಂದ್ರೆ ಮೊದಲು ಮದುವೆ ಆಗಿರಬೇಕು!" ಎಂದು ನಗುತ್ತಿದ್ದರು. ಚರ್ಚಿನ ಪಿಯಾನೊ ಮೇಲೆ ಆ ಕಾಣದ ಮೊದಲರ್ಧಗಳಿಗೆ ತಾವೇ ಸಂಗೀತ ಕಟ್ಟುತ್ತಿದ್ದರಂತೆ. ಒಬ್ಬ ಮಾಸ್ತರರ ದಯದಿಂದ ಗ್ಲಾಸ್ಗೋದಲ್ಲಿ ಓದಿದರು. ಬ್ಯಾಲೆ ತರಗತಿಗಳಿಗೆ ಪಿಯಾನೊ ಬಾರಿಸಿ ಹೊಟ್ಟೆ ಹೊರೆದರು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ದೀಪಸ್ತಂಭದ ಮೇಲಿನ ಒಂದು ಕಿರುಚಿತ್ರಕ್ಕೆ ಸಂಗೀತ ಬರೆದಾಗ, ಕಡಲಹಕ್ಕಿಗಳ ಕೂಗು ಧ್ವನಿಮುದ್ರಿಸಲು ಬಂದಿದ್ದ ವಿಮ್ ಎಂಬ ಡಚ್ ಹುಡುಗ ಸಿಕ್ಕ. ಅವನ ಹಿಂದೆಯೇ ಹಾರ್ಲೆಮ್‌ಗೆ ಬಂದವರು ಇಲ್ಲೇ ಉಳಿದರು. ಹಕ್ಕಿಗಳ ಚಿತ್ರ, ಒಡ್ಡುಗಳ ಚಿತ್ರ, ಮಕ್ಕಳ ಬೊಂಬೆಯಾಟದ ಧಾರಾವಾಹಿ ಎಲ್ಲಕ್ಕೂ ಬರೆದರು. ನಲವತ್ತು ದಾಟಿದ ಮೇಲೆ ಲಂಡನ್ನಿನ ದೊಡ್ಡದೊಂದು ಥ್ರಿಲ್ಲರ್ ಸಿಕ್ಕಿತು. ಅದರ ಸಂಗೀತದ ಮುಕ್ಕಾಲು ಪಾಲು ಅವರದು. ತೆರೆಯ ಮೇಲೆ ಬಂದ ಹೆಸರು ಬೇರೊಬ್ಬ ಹೆಸರಾಂತ ಗಂಡಸಿನದು.

ವಿಮ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಮೇಲೆ ಫೋನು ಬರುವುದೂ ನಿಂತಿತ್ತು. ಹಾಗಿರುವಾಗ ಫೆಮ್ಕೆ ಎಂಬ ಯುವ ನಿರ್ದೇಶಕಿ, ಚಿಕ್ಕವಳಿದ್ದಾಗ ಆ ಬೊಂಬೆಯಾಟದ ಸಂಗೀತ ಕೇಳಿ ಬೆಳೆದವಳು, ಹುಡುಕಿಕೊಂಡು ಬಂದಳು. ಸಮುದ್ರಕ್ಕೆ ಒಡ್ಡು ಕಟ್ಟಿ ಕೆರೆ ಮಾಡಿದಾಗ ಕಸುಬು ಕಳೆದುಕೊಂಡ ಒಂದು ಮೀನುಗಾರ ಹಳ್ಳಿಯ ಕತೆ ಅವಳ ಮೊದಲ ಚಿತ್ರ. ಸಂಗೀತ ನೀವೇ ಮಾಡಬೇಕು ಅಂದಳು. ಯುಟ್ರೆಕ್ಟ್‌ನ ಸಭಾಂಗಣದಲ್ಲಿ ವಾದ್ಯವೃಂದದ ಧ್ವನಿಮುದ್ರಣ ಏಪ್ರಿಲ್‌ಗೆ ಗೊತ್ತಾಗಿತ್ತು. ಅದು ರದ್ದಾಯಿತು.

"ಈಗ ನಿರ್ಮಾಪಕರು ಏನ್ ಹೇಳ್ತಾರೆ ಗೊತ್ತಾ?" ಐಲ್ಸಾ ಒಂದು ದಿನ ಚಹಾದ ಲೋಟವನ್ನು ಕಂಬದ ಮೇಲೆ ಕುಕ್ಕಿದರು. "ಕಂಪ್ಯೂಟರಿನ ವಾದ್ಯಗಳಲ್ಲೇ ಮಾಡಿಕೊಡಿ ಅಂತ. ಆಗಲ್ಲ ಅಂದ್ರೆ ಬೇರೆ ಹುಡುಗನೊಬ್ಬ ಇದ್ದಾನಂತೆ. ಜೂನ್ ಒಂದನೇ ತಾರೀಕಿಗೆ ಅವರಿಗೆ ಎಲ್ಲಾ ಕೈಗೆ ಬೇಕು. ನನ್ನ ಹತ್ತೊಂಬತ್ತು ಜನ ವಾದಕರು ಮನೆಯಲ್ಲಿ ಸುಮ್ಮನೆ ಕೂತಿದ್ದಾರೆ. ಒಬ್ಬೊಬ್ಬರೂ ಅವರವರ ಮನೇಲೇ ನುಡಿಸಿ ಕಳಿಸಿದ್ರೂ ಅದನ್ನೆಲ್ಲ ಜೋಡಿಸೋರು ಯಾರು? ಅದು ವಿಮ್ ಕೆಲಸ."

"ನಾನು ಜೋಡಿಸ್ತೀನಿ" ಅಂದೆ.

ಯಾಕೆ ಹಾಗಂದೆನೋ ಈಗಲೂ ಗೊತ್ತಿಲ್ಲ. ಅಮ್ಮನೂ ನನ್ನ ಮುಖ ನೋಡಿದಳು. ಸಂಗೀತ ನಾನು ಹೈಸ್ಕೂಲಿಗೇ ಬಿಟ್ಟವಳು. ಆದರೆ ಹತ್ತೊಂಬತ್ತು ಕಡೆಯಿಂದ ಹೊರಟದ್ದು ಒಂದೇ ಕ್ಷಣಕ್ಕೆ ಒಂದು ಕಡೆ ಸೇರಬೇಕು ಅನ್ನುವುದು ನನ್ನ ದಿನದ ಅನ್ನವೇ ಆಗಿತ್ತು. ರೈಲಾದರೇನು, ರಾಗವಾದರೇನು!

ಅಲ್ಲಿಂದ ಶುರುವಾಯಿತು ನೋಡಿ. ವಿಮ್ ಅವರ ಅಟ್ಟದಿಂದ ಪೆಟ್ಟಿಗೆಗಟ್ಟಲೆ ಮೈಕು, ತಂತಿ ಇಳಿದವು. ಬೇಲಿಯ ಮೇಲಿಂದಲೇ ನನ್ನ ಕೈಗೆ ದಾಟಿದವು. ರಾತ್ರಿ ಊಟವಾದ ಮೇಲೆ ಕೂತು ಧ್ವನಿ ಜೋಡಿಸುವ ಸಾಫ್ಟ್‌ವೇರ್ ಕಲಿತೆ. ಎಲ್ಲ ವಾದಕರಿಗೂ ಒಂದು ಟಿಕ್‌ಟಿಕ್ ತಾಳದ ಸದ್ದು ಕಳಿಸಿದೆ. ಅದನ್ನು ಕಿವಿಯಲ್ಲಿ ಕೇಳುತ್ತಾ ನುಡಿಸಿ ಫೈಲ್ ಕಳಿಸಬೇಕು. ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುವವಳು ಚಳಿಗಾಲದ ಕೋಟುಗಳನ್ನು ತೂಗುಹಾಕಿದ ಕಪಾಟಿನೊಳಗೆ ಕೂತು ನುಡಿಸಿದಳು. ಮನೆಯಲ್ಲಿ ಮೂರು ಪುಟ್ಟ ಮಕ್ಕಳಿದ್ದ ಐಂಡ್‌ಹೋವನ್‌ನ ಕ್ಲಾರಿನೆಟ್‌ಗಾರ ನಿಲ್ಲಿಸಿದ ಕಾರಿನಲ್ಲಿ ಕೂತು ಊದಿದ. ಪೊಲೀಸರು ಬಂದು ಕಿಟಕಿ ತಟ್ಟಿದ್ದೂ ಅವನ ಫೈಲಿನಲ್ಲಿ ದಾಖಲಾಗಿತ್ತು.

ಹಾರ್ನ್ ಊದುವವನಿಗೆ ಮೈಕು ಇರಲಿಲ್ಲ, ಅವನ ಫ್ಲ್ಯಾಟಿನ ನೆರೆಯವರಿಗೆ ತಾಳ್ಮೆಯೂ ಇರಲಿಲ್ಲ. ಅವನ ಭಾವನದು ಟ್ಯುಲಿಪ್ ಹೊಲ. ಅಲ್ಲಿಯ ಖಾಲಿ ಶೆಡ್ಡಿಗೆ ನಾನೇ ಮೈಕು ಒಯ್ದೆ. ಆ ವರ್ಷ ಹೂ ನೋಡುವವರಿಲ್ಲದೆ ಹೊಲಗಳು ಸುಮ್ಮನೆ ಕೆಂಪು, ಹಳದಿಯಾಗಿ ಮಲಗಿದ್ದವು. ಮೈಕನ್ನು ಒಂದು ಮರದ ಪೆಟ್ಟಿಗೆ ಮೇಲಿಟ್ಟು ಹಿಂದೆ ಸರಿದೆ. ಆತ ಆ ಹಿತ್ತಾಳೆಯ ಸುರುಳಿಯನ್ನು ತುಟಿಗಿಟ್ಟು ಊದಿದ. ಗಡ್ಡೆಯ ವಾಸನೆ ತುಂಬಿದ ಆ ಕತ್ತಲಲ್ಲಿ ಆ ನಾಲ್ಕು ಸ್ವರಗಳು ಎದ್ದವು. ತಗಡಿನ ಮಾಡು ಝಂ ಎಂದಿತು. ಗೋಡೆಯಾಚೆಯಿಂದ ಡೋರ್‌ಬೆಲ್ಲಿನ ಹಾಗೆ ಕೇಳಿದ್ದು ಇದಾ! ವಾಪಸು ಬರುವಾಗ ನಾನು ಸೈಕಲ್ ತುಳಿದೆನೋ ಹಾರಿದೆನೋ ತಿಳಿಯದು.

ಮೇ ತಿಂಗಳ ಮೊದಲ ವಾರ ಫೈಲುಗಳು ಬರತೊಡಗಿದವು. ನಮ್ಮ ಹಿತ್ತಲಲ್ಲಿ ಸ್ಪೀಕರ್ ಇಟ್ಟು ಬೇಲಿಯಾಚೆಗೆ ಕೇಳಿಸುವ ಹಾಗೆ ಹಾಕುತ್ತಿದ್ದೆ. ಒಂದು ದಿನ ಕೊಳಲಿನ ಫೈಲ್ ಹಾಕಿದೆ. ನುಡಿಸಿದ್ದು ಚೆನ್ನಾಗಿತ್ತು, ಆದರೆ ಹಿಂದೆ ಫ್ರಿಜ್ಜಿನದೋ ಏನೋ, ಸಣ್ಣ ಶಿಳ್ಳೆಯಂಥ ಸದ್ದು ಎಡೆಬಿಡದೆ ಕುಯ್ಯುತ್ತಿತ್ತು. ಐಲ್ಸಾ ಕಣ್ಣು ಮುಚ್ಚಿ ಕೇಳಿ, "ಸೊಗಸು. ಸ್ಫಟಿಕ ಇದ್ದ ಹಾಗಿದೆ" ಅಂದರು. ನಾನು ಅಮ್ಮನನ್ನು ನೋಡಿದೆ. ಅಮ್ಮನ ಹುಬ್ಬು ಮೇಲೇರಿತ್ತು. ನಾವು ನೋಡಿಕೊಂಡದ್ದನ್ನು ಐಲ್ಸಾ ನೋಡಿದರು.

ನಾನು ಸ್ಪೀಕರ್ ನಿಲ್ಲಿಸಿದೆ.

"ಏನೋ ಇದೆ, ಅಲ್ವಾ?" ಅಂದರು. "ಬಲಗಿವಿ ಹೋಗಿ ಎರಡು ವರ್ಷ ಆಯ್ತು. ಎಡಗಿವಿಯಲ್ಲಿ ಮೇಲಿನ ಸ್ವರಗಳು ಕೇಳಲ್ಲ. ತಲೆಯೊಳಗೆ ಎಲ್ಲಾ ಕೇಳುತ್ತೆ, ಬರೆಯೋಕೆ ತೊಂದ್ರೆ ಇಲ್ಲ. ಆದ್ರೆ ಹೊರಗಿನದು..." ನನ್ನತ್ತ ತಿರುಗಿದರು. "ಫೆಮ್ಕೆಗೆ ಹೇಳ್ಬೇಡ ರಮ್ಯಾ. ಕಿವಿ ಕೇಳದ ಸಂಗೀತಗಾರ್ತಿ ಅಂದ್ರೆ ನಾಳೆನೇ ಆ ಹುಡುಗನ ಕರೀತಾರೆ."

ನಾನು ಕನ್ನಡದಲ್ಲಿ ಹೇಳುವ ಮುಂಚೆಯೇ ಅಮ್ಮ ಕುರ್ಚಿಯಿಂದ ಎದ್ದಿದ್ದಳು.

"ಹೇಳೇ ಅವರಿಗೆ. ನಾನಿದ್ದೀನಿ, ನಾನು ಕೇಳ್ತೀನಿ ಅಂತ ಹೇಳು. ಮೂವತ್ತಾರು ವರ್ಷ ಇನ್ನೇನು ಮಾಡ್ದೆ ನಾನು? ಬೇರೆಯವರನ್ನ ಕೇಳಿದ್ದೇ ತಾನೇ?"

ಮರುದಿನದಿಂದ ಅಮ್ಮ ಹೆಡ್‌ಫೋನ್ ಹಾಕಿಕೊಂಡು ಬಿಸಿಲಲ್ಲಿ ಕೂತುಬಿಟ್ಟಳು. ಏನಾದರೂ ತಪ್ಪಿದರೆ ತೋರುಬೆರಳು ಮೇಲೇಳುವುದು. "ಎರಡನೇ ಪಿಟೀಲು ಶ್ರುತಿ ಇಳಿದಿದೆ." "ಈ ಹುಡುಗ ಉಸಿರು ಕದೀತಿದ್ದಾನೆ." "ಇದು ಚಂದ, ಮುಟ್ಬೇಡ." ನಾನು ಅನುವಾದಿಸುವುದು, ಐಲ್ಸಾ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುವುದು. ಕೆಲವೊಮ್ಮೆ ಇಬ್ಬರಿಗೂ ಜಗಳ. ಪಿಟೀಲು ನೇರವಾಗಿ ನಿಲ್ಲಬೇಕಾದ ಕಡೆ ಸ್ವಲ್ಪ ಅಲುಗಾಡಿಸಿದರೆ ಚೆಂದ ಎಂದು ಅಮ್ಮ, ಅಲುಗಾಡಿದರೆ ಚಿತ್ರ ಕಾಣಿಸುವುದಿಲ್ಲ ಎಂದು ಐಲ್ಸಾ. "ನಮ್ಮದು ಚಿತ್ರದ ಕೆಳಗಿನ ನೀರು, ವಿಶಾ. ದೋಣಿ ಕಾಣಬೇಕು, ನೀರಲ್ಲ" ಎಂದು ಒಂದು ಸಲ ಹೇಳಿದಾಗ ಅಮ್ಮ ಸುಮ್ಮನೆ ತಲೆದೂಗಿದಳು. ಅದು ಅವಳಿಗೆ ಅರ್ಥವಾಗದೆ ಇನ್ಯಾರಿಗೆ ಅರ್ಥವಾಗಬೇಕು?

ಮೇ ಹದಿನೆಂಟರ ಹೊತ್ತಿಗೆ ಪೂರ್ತಿ ಜೋಡಿಸಿ ಮುಗಿಸಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹತ್ತೊಂಬತ್ತು ಮಂದಿಯ ಒಂದೊಂದು ಸ್ವರವನ್ನೂ ಟಿಕ್‌ಟಿಕ್‌ಗೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸಿದ್ದೆ. ಒಂದು ರೈಲೂ ತಡವಿಲ್ಲ! ನಿರ್ಮಾಪಕರಿಗೆ ಕಳಿಸಿದೆವು.

ಎರಡು ದಿನಕ್ಕೆ ಉತ್ತರ ಬಂತು. ಎಲ್ಲ ಸರಿಯಾಗಿದೆ, ಆದರೆ ಜೀವವಿಲ್ಲ, ಕಂಪ್ಯೂಟರಿನದೇ ಇದಕ್ಕಿಂತ ವಾಸಿಯಿರುತ್ತಿತ್ತು ಎಂದಿದ್ದರು. ಆ ಇನ್ನೊಬ್ಬ ಹುಡುಗನ ಜೊತೆ ಮಾತಾಡಿದ್ದಾರಂತೆ; ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರಂತೆ. ನಾನು ಮೇಜಿನ ಮುಂದೆಯೇ ಅತ್ತೆ. ಹಾಳು ಮಾಡಿದ್ದು ಸಂಗೀತ ಬರೆದವರಲ್ಲ, ನುಡಿಸಿದವರಲ್ಲ, ನಾನು ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಐಲ್ಸಾ ಬೇಲಿಯ ಹತ್ತಿರ ಬಂದು ನಿಂತರು. ಬೈಯಲಿಲ್ಲ. ಆದರೆ ಮೊದಲ ಬಾರಿಗೆ ಅವರು ಅರವತ್ತೊಂಬತ್ತು ವರ್ಷದವರಂತೆ ಕಂಡರು.

ಅಮ್ಮ ಹೆಡ್‌ಫೋನಿನಲ್ಲಿ ಇನ್ನೊಂದು ಸಲ ಪೂರ್ತಿ ಕೇಳಿ ತೆಗೆದಿಟ್ಟಳು. "ಯಾರದೂ ತಪ್ಪಿಲ್ಲ ಕಣೇ. ಎಲ್ಲರೂ ಗಡಿಯಾರ ಕೇಳ್ಕೊಂಡು ನುಡಿಸ್ತಿದ್ದಾರೆ. ಒಬ್ರೂ ಇನ್ನೊಬ್ರನ್ನ ಕೇಳ್ತಿಲ್ಲ. ಕಚೇರಿ ಅಂದ್ರೆ ಹಿಂಗಿರತ್ತಾ? ಭಜನೇಲಿ ನೋಡು, ಒಬ್ರು ಹೇಳಿಕೊಡ್ತಾರೆ, ಮಿಕ್ಕೋರು ಅವ್ರ ಹಿಂದೆ ಹೋಗ್ತಾರೆ. ಒಬ್ಬ ಮುಂದೆ, ಒಬ್ಬ ಹಿಂದೆ. ಅದ್ರಲ್ಲೇ ಇರೋದು ಚಂದ."

ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಐಲ್ಸಾರ ಮುಖ ಬದಲಾಗಿತ್ತು. ಅವರ ಅಜ್ಜಿ ಪಶ್ಚಿಮದ ದ್ವೀಪದವರು. ಅಲ್ಲಿಯ ಚರ್ಚಿನಲ್ಲಿ ವಾದ್ಯವಿಲ್ಲ. ಒಬ್ಬರು ಎದ್ದು ನಿಂತು ಕೀರ್ತನೆಯ ಒಂದು ಸಾಲು ಹಾಡುತ್ತಾರೆ, ಸಭೆಯೆಲ್ಲ ಅವರವರ ಬಳುಕಿನಲ್ಲಿ, ಅವರವರ ನಿಧಾನದಲ್ಲಿ ಹಿಂಬಾಲಿಸುತ್ತದೆ. "ದಡಕ್ಕೆ ಅಲೆ ಬರುತ್ತಲ್ಲ, ಹಾಗೆ. ಯಾವ ಅಲೆಗೂ ಗಡಿಯಾರ ಇಲ್ಲ. ಮೀನುಗಾರರ ಚಿತ್ರಕ್ಕೆ ನಾನು ಗಡಿಯಾರ ಕಟ್ಟಿಬಿಟ್ಟೆ! ಮೂರ್ಖಳು ನಾನು, ಶುದ್ಧ ಮೂರ್ಖಳು!" ಎಂದು ಕೂಗಿ ಒಳಗೆ ಓಡಿದರು. ಅರವತ್ತೊಂಬತ್ತರ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆ ಸಂಜೆ ಅಟ್ಟದಲ್ಲಿ ಉಳಿದಿದ್ದ ವಿಮ್ ಅವರ ಮೈಕಿನ ಮುಂದೆ ನಿಂತು ಐಲ್ಸಾ ಇಡೀ ಸಂಗೀತವನ್ನು ತಾವೇ ಹಾಡಿದರು. ಮಾತಿಲ್ಲ, ಬರೀ ಆ, ಓ. ಒರಟು ಗಂಟಲು, ಅಲ್ಲಲ್ಲಿ ಒಡೆದ ದನಿ. ತಾಳದ ಸದ್ದನ್ನು ಕಿತ್ತುಹಾಕಿ ಆ ಹಾಡನ್ನು ಹತ್ತೊಂಬತ್ತು ಮನೆಗಳಿಗೆ ಕಳಿಸಿದೆ. ಇವರ ಹಿಂದೆ ಹೋಗಿ, ಇಷ್ಟೇ ಸೂಚನೆ.

ಆಫೀಸಿಗೆ ಒಂದು ವಾರ ರಜೆ ಹಾಕಿದೆ. ಎಂಟು ದಿನ ನಮ್ಮ ಮನೆಯಲ್ಲಿ ಅಡುಗೆ ಅಂದರೆ ಅನ್ನ, ಸಾರು. ಫೈಲ್ ಬಂದ ಸದ್ದಾದರೆ ಮೂವರೂ ಎದ್ದು ನಿಲ್ಲುತ್ತಿದ್ದೆವು. ಚೆಲ್ಲೊದವಳು ಕಪಾಟಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನುಡಿಸಿದ್ದಳು. ಅವಳು ಐಲ್ಸಾರ ಉಸಿರಿಗೆ ಕಾದಿರುವುದು ಕೇಳುತ್ತಿತ್ತು. ಕ್ಲಾರಿನೆಟ್‌ನವನು, "ಇಪ್ಪತ್ತು ವರ್ಷದಲ್ಲಿ ಹೀಗೆ ನುಡಿಸಿರಲಿಲ್ಲ" ಎಂದು ಬರೆದ. ಹಾರ್ನ್ ಬಂದದ್ದು ಕೊನೆಯ ದಿನ ಬೆಳಿಗ್ಗೆ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟೆ, ಅಷ್ಟೇ. ಒಂದನ್ನೂ ಎಳೆದು ಕೂರಿಸಲಿಲ್ಲ. ಕೈ ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ.

ಅಮ್ಮನಿಗೆ ಹೆಡ್‌ಫೋನ್ ಕೊಟ್ಟೆ. ಬೆರಳು ಮೇಲೇಳುತ್ತದೋ ಎಂದು ಐಲ್ಸಾ ಬೇಲಿಯ ಆಚೆ ಕಂಬವನ್ನು ಹಿಡಿದು ನಿಂತಿದ್ದರು. ಬೆರಳು ಏಳಲಿಲ್ಲ. ಸಂಗೀತ ಮುಗಿದರೂ ಅಮ್ಮ ಹಾಗೇ ಕೂತಿದ್ದಳು.

"ಇನ್ನೊಂದ್ ಸಲ ಹಾಕು" ಅಂದಳು.

ಅದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ.

ಮರುದಿನ ಫೆಮ್ಕೆ ವಿಡಿಯೊ ಕರೆ ಮಾಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. "ಕೊನೆಯ ದೃಶ್ಯದಲ್ಲಿ ಆ ಮುದುಕಿಯ ದನಿ ಇದೆಯಲ್ಲ, ಯಾರದು? ಹಳ್ಳಿಯ ಹೆಂಗಸರೆಲ್ಲ ಒಡ್ಡಿನ ಮೇಲೆ ನಿಂತಿರುವಾಗ ಆ ಒಡಕು ದನಿ! ಅದನ್ನ ತೆಗೀಬೇಡಿ, ದಯವಿಟ್ಟು ತೆಗೀಬೇಡಿ!"

ಐಲ್ಸಾ ನನ್ನನ್ನು ದುರುಗುಟ್ಟಿ ನೋಡಿದರು. ದಾರಿ ತೋರಿಸಲು ಹಾಡಿದ ದನಿಯನ್ನು ಎಲ್ಲ ಕಡೆಯಿಂದಲೂ ತೆಗೆಯಬೇಕಿತ್ತು. ಕೊನೆಯ ದೃಶ್ಯದಲ್ಲಿ ಉಳಿದುಬಿಟ್ಟಿತ್ತು. "ಮರೆತುಹೋಯ್ತು, ಕ್ಷಮಿಸಿ" ಅಂದೆ. ಮರೆತಿರಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

"ನಾನು ಹಾಡುಗಾರ್ತಿ ಅಲ್ಲ" ಎಂದು ಎರಡು ದಿನ ಗೊಣಗಿ ಮೂರನೆಯ ದಿನ ಒಪ್ಪಿದರು.

ಜುಲೈಯಲ್ಲಿ ವಿಶೇಷ ವಿಮಾನದಲ್ಲಿ ಅಮ್ಮನಿಗೆ ಜಾಗ ಸಿಕ್ಕಿತು. ಚಿತ್ರದ ಹೆಸರುಪಟ್ಟಿಯಲ್ಲಿ ಅಮ್ಮನ ಹೆಸರೂ ಬರಬೇಕೆಂದು ಐಲ್ಸಾ ಹಟ ಹಿಡಿದಿದ್ದರು. ಆದರೆ ಅಮ್ಮ ಬಂದಿದ್ದದ್ದು ಪ್ರವಾಸಿ ವೀಸಾದಲ್ಲಿ; ಕೆಲಸ ಮಾಡಿದರು ಎಂದು ಬರೆದರೆ ತೊಂದರೆಯಾಗಬಹುದು ಎಂದು ನಿರ್ಮಾಪಕರು ಹೆದರಿದರು. "ಹೋಗ್ಲಿ ಬಿಡೀಮ್ಮ, ನನಗೇನು ಹೊಸದಾ" ಎಂದು ಅಮ್ಮ ನಕ್ಕಳು. ಹೊರಡುವ ದಿನ ಇಬ್ಬರೂ ಮಾಸ್ಕ್ ಹಾಕಿಕೊಂಡು ಬೀದಿಯಲ್ಲಿ ನಿಂತರು. ತಬ್ಬಿಕೊಳ್ಳುವಂತಿರಲಿಲ್ಲ. ಅಮ್ಮ ಕೈಮುಗಿದಳು. ಐಲ್ಸಾ ಕೈಮುಗಿಯಲು ಹೋಗಿ, ಆಗದೆ, ಮುಖ ತಿರುಗಿಸಿ ನಿಂತರು.

ಆಮೇಲೆ ಬಂದ ಚಳಿಗಾಲ ಉದ್ದವಾಗಿತ್ತು. ಚಿತ್ರಮಂದಿರಗಳು ಮುಚ್ಚಿದವು, ಕರ್ಫ್ಯೂ ಬಂತು, ಚಿತ್ರ ಡಬ್ಬಿಯಲ್ಲೇ ಉಳಿಯಿತು. ಮುಂದಿನ ವರ್ಷದ ಜೂನ್‌ನಲ್ಲಿ ಒಂದು ಮಧ್ಯಾಹ್ನ ಯುಟ್ರೆಕ್ಟ್‌ನಲ್ಲಿ ಮೊದಲ ಪ್ರದರ್ಶನ. ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಯಲ್ಲಿ ಜನ. ದೀಪ ಆರಿತು, ಹಾರ್ನ್ ಎದ್ದಿತು, ನಾಲ್ಕು ಸ್ವರ ಏರಿ ನಿಂತವು. ಕೊನೆಯಲ್ಲಿ ಒಡ್ಡಿನ ಮೇಲೆ ಹೆಂಗಸರು ನಿಂತರು, ಆ ಒರಟು ದನಿ ಸಭಾಂಗಣವನ್ನೆಲ್ಲ ತುಂಬಿತು. 'ಸಂಗೀತ' ಎಂದು, ಕೆಳಗೆ ಐಲ್ಸಾರ ಹೆಸರು, ಒಂದೇ ಹೆಸರು, ಇಡೀ ತೆರೆಯಷ್ಟು ಅಗಲಕ್ಕೆ ಬಂತು. ಜನ ಚಪ್ಪಾಳೆ ಹೊಡೆಯುತ್ತಾ ಎದ್ದು ನಿಂತರು.

ಪ್ರಶ್ನೋತ್ತರಕ್ಕೆ ಫೆಮ್ಕೆ ಮತ್ತು ಐಲ್ಸಾ ವೇದಿಕೆ ಹತ್ತಿದರು. ಸಂಗೀತ ಅಷ್ಟು ಸ್ವಚ್ಛವಾಗಿಯೂ ಅಷ್ಟು ಸಡಿಲವಾಗಿಯೂ ಇರಲು ಹೇಗೆ ಸಾಧ್ಯವಾಯಿತು ಎಂದು ಯಾರೋ ಕೇಳಿದರು. ಐಲ್ಸಾ ಮೈಕು ತೆಗೆದುಕೊಂಡರು.

"ನನ್ನ ಬಲಗಿವಿ ಕೇಳಲ್ಲ" ಅಂದರು. ಫೆಮ್ಕೆ ಸರಕ್ಕನೆ ಅವರತ್ತ ತಿರುಗಿದಳು. "ಎಡಗಿವಿ ಅರ್ಧ. ಇದನ್ನ ಯಾರಿಗೂ ಹೇಳಿರಲಿಲ್ಲ. ಈ ಚಿತ್ರವನ್ನ ಕೇಳಿದ ಕಿವಿಗಳು ಒಬ್ಬ ಪಿಟೀಲು ವಾದಕಿಯವು. ಅವರ ಹೆಸರು ಪಟ್ಟಿಯಲ್ಲಿಲ್ಲ. ಅದಕ್ಕೇ ಇಲ್ಲಿ ಹೇಳ್ತೀನಿ." ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, ಎಲ್ಲೂ ಎಡವದೆ ಹೇಳಿದರು: "ಮೈಸೂರಿನ ವಿಶಾಲಾಕ್ಷಿ." ಎಷ್ಟು ದಿನ ಅಭ್ಯಾಸ ಮಾಡಿದ್ದರೋ.

ಫೆಮ್ಕೆ ಐಲ್ಸಾರ ಕೈ ಹಿಡಿದುಕೊಂಡಳು. ಅದನ್ನು ನೋಡುತ್ತಲೇ ನಾನು ಫೋನ್ ಹಿಡಿದು ಹೊರಗೆ ಓಡಿದೆ. ಮೈಸೂರಿನಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯಿಂದ ಅಮ್ಮನ ನಗು.

"ರೇಡಿಯೋದಲ್ಲಿ ಹಾಡು ಮುಗಿದ್ಮೇಲೆ 'ಪಿಟೀಲಿನಲ್ಲಿ' ಅಂತ ಅನೌನ್ಸ್ ಮಾಡೋಷ್ಟರಲ್ಲಿ ಟೈಮ್ ಆಗಿ, ವಾರ್ತೆ ಶುರುವಾಗ್ಬಿಡೋದು ಕಣೇ. ಎಷ್ಟ್ ಸಲ! ನಿಮ್ಮಪ್ಪ ರೇಡಿಯೋ ಮುಂದೆ ಕೂತಿರೋರು, 'ಪಿಟೀಲಿನಲ್ಲಿ...' ಅಂತ ಬಂದ ತಕ್ಷಣ ತಾವೇ ಜೋರಾಗಿ ನನ್ನ ಹೆಸ್ರು ಕೂಗೋರು. ಬೀದಿಗೆಲ್ಲ ಕೇಳೋ ಹಾಗೆ."

ಅಷ್ಟರಲ್ಲಿ ಐಲ್ಸಾ ಹೊರಗೆ ಬಂದಿದ್ದರು. ಏನಂತೆ ಎಂದು ಕೇಳಿದರು. ಹೇಳಿದೆ. ಅವರು ಸೈಕಲ್ ಸ್ಟ್ಯಾಂಡಿನ ಕಂಬಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ನನ್ನ ಕೈಯಿಂದ ಫೋನ್ ಕಸಿದುಕೊಂಡು ಎಡಗಿವಿಗೆ ಒತ್ತಿ ಹಿಡಿದರು.

"ವಿಶಾ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಹೊಸ ಚಿತ್ರ ಸಿಕ್ಕಿದೆ! ಅಕ್ಟೋಬರ್‌ಗೆ ಬಿಡುವು ಮಾಡ್ಕೋ!"